ಪಾದ್ರಿಗುಡ್ಡೆಯ ಹಂಚಿನ ಮಾಡು

ನನ್ನ ಕೈಗೆ ಯಾರು ಏನು ಕೊಟ್ಟರೂ ಅದನ್ನು ಎಡಗಡೆ ಇರುವವರಿಗೆ ದಾಟಿಸುವ ಅಭ್ಯಾಸವೊಂದು ಕಳೆದ ಬೇಸಿಗೆಯಿಂದ ಅಂಟಿಕೊಂಡಿದೆ. ಕಾಫಿ ಲೋಟ, ಟಿವಿಯ ರಿಮೋಟು, ಸುಲಿಯಲು ಕೊಟ್ಟ ಬೆಳ್ಳುಳ್ಳಿ, ಏನಾದರೂ ಸರಿ. ಮೊನ್ನೆ ಪುತ್ತೂರಿನ ಡಾಕ್ಟರ ಶಾಪಿನಲ್ಲಿ ನರ್ಸ್ ಕೊಟ್ಟ ಗುಳಿಗೆಯನ್ನು ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸಿನ ಕೈಗೆ ಹಾಕಿಬಿಟ್ಟೆ. ಪಾಪ, ಅವರು ಥ್ಯಾಂಕ್ಸ್ ಎಂದರು. ಮಕ್ಕಳೇ, ನೀವಂತೂ ಇದನ್ನೇ ಆಟ ಮಾಡಿಕೊಂಡಿದ್ದೀರಿ. ಒಬ್ಬಳು ಬಲಗಡೆ ಕುಳಿತು ಚಪ್ಪಲಿ ಕೊಡುವುದು, ಇನ್ನೊಬ್ಬ ಎಡಗಡೆ ಕುಳಿತು ತೆಗೆದುಕೊಳ್ಳುವುದು, ನಡುವೆ ಅಜ್ಜಿ ಯಂತ್ರದಂತೆ ಕೈ ಆಡಿಸುವುದು. ನಗಿ, ನಗಿ. ಆದರೆ ಇದು ಎಲ್ಲಿಂದ ಬಂತು ಎಂದು ನೀವು ಒಬ್ಬರೂ ಕೇಳಲಿಲ್ಲ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಹಾಗಾಗಿ ಬರೆಯುತ್ತೇನೆ.

ನಮ್ಮ ದೇವಾಲಯ ಇರುವುದು ಗುಡ್ಡೆಯ ಮೇಲೆ. ಕಡಬದಿಂದ ಬರುವ ಜೀಪಿನವರಿಗೆ ಅದು ಪಾದ್ರಿಗುಡ್ಡೆ. ಕಟ್ಟಿಸಿದವರು ಹಡಗು ಹತ್ತಿ ಜರ್ಮನಿಯಿಂದ ಬಂದ ಲುಥೆರನ್ ಪಾದ್ರಿಗಳು. ಯಾವ ವರ್ಷ ಎಂದು ಮಾತ್ರ ಕೇಳಬೇಡಿ. ಬಾಗಿಲ ಮೇಲೆ ವರ್ಷ ಕೆತ್ತಿದ್ದು ಹೌದು. ಆದರೆ ಪ್ರತಿ ಕ್ರಿಸ್ಮಸ್ಸಿಗೆ ಅದರ ಮೇಲೆ ಸುಣ್ಣ ಬಳಿದು ಬಳಿದು ಈಗ ಅಲ್ಲಿ ಅಂಕೆಗಳಿರಬೇಕಾದ ಜಾಗದಲ್ಲಿ ನಾಲ್ಕು ಇಡ್ಲಿ ಅಂಟಿಸಿದ ಹಾಗೆ ಕಾಣುತ್ತದೆ.

ಗೋಡೆಯ ಕೆಂಪುಕಲ್ಲು ಬೇರೆ ಎಲ್ಲಿಂದಲೂ ಬಂದದ್ದಲ್ಲ, ಅದೇ ಗುಡ್ಡೆಯ ಹೊಟ್ಟೆಯಿಂದ ಕಡಿದು ತೆಗೆದದ್ದು. ಕಲ್ಲು ತೆಗೆದ ಹೊಂಡವೇ ನೀವು ಕಪ್ಪೆಗಳಿಗೆ ಗುರಿಯಿಡುವ ಕೆರೆ. ಚಿಪ್ಪಿನ ಸುಣ್ಣ ಮಂಗಳೂರಿನ ಕಡೆಯಿಂದ ದೋಣಿಯಲ್ಲಿ ಉಪ್ಪಿನಂಗಡಿವರೆಗೆ ಬಂದು, ಅಲ್ಲಿಂದ ಹೆಂಗಸರ ತಲೆಯ ಮೇಲೆ ಗುಡ್ಡೆ ಹತ್ತಿತಂತೆ. ಆ ಸುಣ್ಣಕ್ಕೆ ಬೆಲ್ಲದ ನೀರು ಕಲಸಿ ಗೋಡೆಗೆ ಬಳಿದರು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅದನ್ನು ಕೇಳಿದ ಮೇಲಿನ ಆದಿತ್ಯವಾರ ನಾನು ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಗೋಡೆಯನ್ನು ನೆಕ್ಕಿ ನೋಡಿದೆ. ಸಿಹಿ ಇರಲಿಲ್ಲ. ಕಣ್ಣು ಮುಚ್ಚದ ಇನ್ನೊಬ್ಬಳಿದ್ದಳು, ಸುಗುಣ. ಆಕೆ ಇವತ್ತಿಗೂ ಹೊಸಬರಿಗೆ ನನ್ನನ್ನು ಪರಿಚಯಿಸುವುದು, "ಇವಳು ನಮ್ಮ ಲಿಲ್ಲಿ, ದೇವಾಲಯ ತಿನ್ಲಿಕ್ಕೆ ಹೊರಟವಳು" ಎಂದೇ.

ಇನ್ನು ಮಾಡು. ಛಾವಣಿಗೆ ನಾವು ಹಾಗೆ ಹೇಳುವುದು. ನಮ್ಮೂರಿನ ಯಾವ ಮನೆಗೂ ಅಷ್ಟು ಕಡಿದಾದ ಮಾಡು ಇಲ್ಲ. ನಕ್ಷೆ ಬರೆದ ಪಾದ್ರಿ ತನ್ನ ಊರಿನ ದೇವಾಲಯವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದರಂತೆ. ಅಲ್ಲಿ ಹಿಮ ಬೀಳುತ್ತದೆ, ಬಿದ್ದ ಹಿಮ ಜಾರಿ ಹೋಗಬೇಕು, ಅದಕ್ಕೆ ಮಾಡು ಹಾಗೆ ನಿಂತಿರಬೇಕು. ಇಲ್ಲಿನ ಮರದ ಆಚಾರಿ "ಹಿಮ ಅಂದ್ರೆ ಎಂತ?" ಎಂದು ಕೇಳಿದ್ದಕ್ಕೆ ಪಾದ್ರಿ ಕೈ ಬಾಯಿ ಮಾಡಿ ವಿವರಿಸಿದರು. ಆಚಾರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ದೊಡ್ಡವರು ಹೇಳುತ್ತಾರೆ, ಬಂದರೂ ಬಂದೀತು ಎಂದು ಹೇಳಿದ ಹಾಗೆಯೇ ಮಾಡಿಕೊಟ್ಟ. ಹಿಮ ಇನ್ನೂ ಬಂದಿಲ್ಲ. ನಾವು ತಯಾರಿದ್ದೇವೆ. ಆದರೆ ಆಟಿ ತಿಂಗಳಲ್ಲಿ ಆಕಾಶವೇ ಮಗುಚಿ ಬಿದ್ದಂತೆ ಸುರಿಯುವ ನಮ್ಮ ಮಳೆ ಆ ಮಾಡಿನ ಮೇಲೆ ಒಂದು ಕ್ಷಣ ನಿಲ್ಲಲು ಜಾಗವಿಲ್ಲದೆ ಓಡಿಹೋಗುತ್ತದೆ. ಜರ್ಮನಿಯ ಚಳಿಗೆ ಮಾಡಿದ್ದು ಕಡಬದ ಮಳೆಗೆ ಸರಿಯಾಗಿ ಕೂತಿತು.

ಮಾಡಿನ ನೆತ್ತಿಯಲ್ಲಿ ಗಾಳಿ ಬಂದ ಕಡೆ ತಿರುಗುವ ತಗಡಿನ ಹುಂಜವೊಂದಿದೆ. ಅದೂ ಅವರ ಊರಿನ ಪದ್ಧತಿ. ಪೇತ್ರನು ಯೇಸುವನ್ನು ಅರಿಯೆನೆಂದಾಗ ಕೋಳಿ ಕೂಗಿತಲ್ಲ, ಅದರ ನೆನಪಿಗೆ. ಆದರೆ ಆ ಪಾದ್ರಿ ಆದಿತ್ಯವಾರ ತಪ್ಪಿದರೂ ಕೋಳಿ ಅಂಕವನ್ನು ಬೈಯುವುದು ತಪ್ಪಿಸದ ಮನುಷ್ಯ. ಗದ್ದೆಯಲ್ಲಿ ಕೋಳಿಗಳನ್ನು ಕಾದಾಡಲು ಬಿಡುವುದು ಮಹಾಪಾಪ ಎಂದು ಹೇಳಿ ಹೇಳಿ ಕೊನೆಗೆ ತಾನೇ ಒಂದು ಹುಂಜವನ್ನು ಮಾಡಿನ ಮೇಲೆ ಹತ್ತಿಸಿದಾಗ ಊರಿನವರು ನಕ್ಕದ್ದು ನಿಂತದ್ದೇ ಇಲ್ಲವಂತೆ. ಪಾದ್ರಿಗಳ ಕೋಳಿ ಯಾರಿಗೂ ಸೋಲುವುದಿಲ್ಲ, ಯಾಕೆಂದರೆ ಕೆಳಗೆ ಇಳಿಯುವುದೇ ಇಲ್ಲ ಎಂದು ಅಂಕದ ಗದ್ದೆಯಲ್ಲಿ ಮಾತಿತ್ತು.

ಇರಲಿ. ನಾನು ಹೇಳಲು ಹೊರಟದ್ದು ಕಳೆದ ಬೇಸಿಗೆಯ ಮಾತು.

ಬೇಸಿಗೆ ಸುರುವಾಗುವ ಹೊತ್ತಿಗೆ ಮಾಡಿನ ಒಂದು ಮೂಲೆ ತಗ್ಗಿತು. ಹಂಚನ್ನು ಹೊರುವ ಮರದ ಪಕ್ಕಾಸುಗಳಲ್ಲಿ ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಆರಾಧನೆ ಮುಗಿದ ಮೇಲೆ ಸಭೆ ಕೂಡಿತು. ನಮ್ಮ ಸಭೆಯ ಸೆಕ್ರೆಟರಿ ದೇವದಾಸಣ್ಣ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸವೂ ಮುಂದಿನ ಸ್ಟಾಪಿನೊಳಗೆ ಮುಗಿಯಬೇಕು ಅವರಿಗೆ.

"ಹಂಚಿನ ಕೆಲಸಕ್ಕೆ ಈಗ ಜನ ಎಲ್ಲಿ ಉಂಟು?" ಎಂದರು. "ಎಲ್ಲರೂ ರಬ್ಬರ್ ಟ್ಯಾಪಿಂಗಿಗೆ, ಪೈಂಟಿಂಗಿಗೆ ಹೋಗುದು. ಸುಳ್ಯದ ಕುಶಾಲಪ್ಪ ಮೇಸ್ತ್ರಿ ಒಬ್ಬರು ಒಪ್ಪಿದ್ದಾರೆ. ಮರದ ಕೆಲಸ ಮಾಡ್ತಾರಂತೆ, ಮಾಡಿಗೂ ಹತ್ತುತಾರಂತೆ. ಆದ್ರೆ ಅಷ್ಟು ಹಂಚು ಇಳಿಸ್ಲಿಕ್ಕೆ, ತೊಳೀಲಿಕ್ಕೆ, ತಿರುಗಿ ಮೇಲೆ ಕೊಡ್ಲಿಕ್ಕೆ ಜನ ನಾವೇ ಕೊಡಬೇಕಂತೆ. ನಮ್ಮಲ್ಲಿ ಇರುದು ಯಾರು? ಅರ್ಧ ಜನಕ್ಕೆ ಮೊಣಗಂಟು ನೋವು. ಹಂಚು ತೆಗೆದು ತಗಡಿನ ಶೀಟ್ ಹಾಕುವ. ಎರಡು ದಿನದ ಕೆಲಸ."

ಎಲ್ಲರೂ ತಲೆಯಾಡಿಸಿದರು. ನಮ್ಮ ಅಯ್ಯನವರು, ಎಂದರೆ ಸಭಾಪಾಲಕರು, ಊರಿಗೆ ಹೊಸಬರು, ಚಿಕ್ಕ ಪ್ರಾಯದವರು. ಪದ್ಧತಿಯಂತೆ, "ಯಾರಿಗಾದರೂ ಏನಾದರೂ ಹೇಳಲಿಕ್ಕೆ ಉಂಟಾ?" ಎಂದು ಕೇಳಿದರು.

ಮಕ್ಕಳೇ, ನಾನು ಆ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು ಮುದುಕಿಯಾದವಳು. ಅಲ್ಲಿ ನಾಲ್ಕು ಸ್ವರದಲ್ಲಿ ಹಾಡುತ್ತೇವೆ. ನನ್ನದು ಆಲ್ಟೊ. ಆಲ್ಟೊ ಎಂದರೆ ಇದ್ದರೆ ಯಾರ ಕಿವಿಗೂ ಬೀಳದ, ಇಲ್ಲದಿದ್ದರೆ ಪಾಯಸಕ್ಕೆ ಚಿಟಿಕೆ ಉಪ್ಪು ಹಾಕಲು ಮರೆತಂತೆ ಅನಿಸುವ ಸ್ವರ. ನನಗೆಂದೇ ಹೇಳಿ ಮಾಡಿಸಿದ್ದು. ಸಭೆಯಲ್ಲಿ ಎದ್ದು ಮಾತಾಡಿದವಳೇ ಅಲ್ಲ. ನಿಮ್ಮ ಅಜ್ಜ ಇದ್ದಾಗ ಮಾತು ಅವರದ್ದು, ತಲೆಯಾಡಿಸುವುದು ನನ್ನದು. ಆದರೆ ಶೀಟ್ ಎಂದ ಕೂಡಲೇ ನನಗೆ ಎರಡು ಮಳೆಗಳು ನೆನಪಾದವು.

ಒಂದು, ರಾಮಕುಂಜದ ಆಚೆ ನಮ್ಮ ಸಂಬಂಧಿಕರೊಬ್ಬರು ತೀರಿಹೋದಾಗಿನದ್ದು. ಅಲ್ಲಿ ಪ್ರಾರ್ಥನೆಯ ಹಾಲಿಗೆ ಶೀಟ್ ಹಾಕಿದ್ದಾರೆ. ಮಳೆ ಬಂದದ್ದೇ ತಡ, ಸಾವಿರ ಚೆಂಡೆ ಒಟ್ಟಿಗೆ ಬಾರಿಸಿದ ಹಾಗೆ. ಅಲ್ಲಿನ ಅಯ್ಯನವರ ಬಾಯಿ ತೆರೆಯುವುದು ಮುಚ್ಚುವುದು ಕಂಡಿತೇ ಹೊರತು ಒಂದು ಅಕ್ಷರ ಕೇಳಿಸಲಿಲ್ಲ. ತೀರಿಹೋದವನ ಹೆಂಡತಿ ನಡುನಡುವೆ ಕಿವಿಗೆ ಕೈ ಹಿಡಿಯುತ್ತಿದ್ದಳು. ಇನ್ನೊಂದು, ನಿಮ್ಮ ಅಜ್ಜ ತೀರಿಹೋದಾಗಿನ ಮಳೆ. ಅದು ಇನ್ನೂ ಜೋರು. ಆದರೆ ನಮ್ಮ ಮಾಡಿಗೆ ಹಂಚಿನ ಕೆಳಗೆ ಹಲಗೆಯ ಇನ್ನೊಂದು ಪದರ ಉಂಟು, ನಡುವೆ ಗಾಳಿ ಆಡುವಷ್ಟು ಜಾಗ. ಮಳೆ ಅಲ್ಲಿಯೇ ಮೆತ್ತಗಾಗುತ್ತದೆ. ಪ್ರತಿ ಮಾತೂ ನನಗೆ ಕೇಳಿಸಿತು. ಹಾಡಿನಲ್ಲಿ ಅವರ ಬಾಸ್ ಸ್ವರ ಇಲ್ಲದ ಜಾಗವೂ ಕೇಳಿಸಿತು. ಅದನ್ನು ಕೇಳದೆ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ.

ಇದನ್ನೆಲ್ಲ ಹೇಳಬೇಕೆಂದೇ ಎದ್ದು ನಿಂತೆ. ಬಾಯಿಯಿಂದ ಬಂದದ್ದು ಇಷ್ಟೇ: "ಹಂಚು ನಾವು ಇಳಿಸ್ತೇವೆ."

"ನಾವು ಅಂದ್ರೆ ಯಾರು ಲಿಲ್ಲಿಯಕ್ಕ?" ದೇವದಾಸಣ್ಣ ಕೇಳಿದರು.

ನಾನು ಅದನ್ನು ಯೋಚಿಸಿರಲಿಲ್ಲ. ನೆಲ ನೋಡಿದೆ. ಆಗ ಪಕ್ಕದಲ್ಲಿದ್ದ ಸುಗುಣ ಸೆರಗು ಸರಿಮಾಡಿಕೊಂಡು ಎದ್ದಳು. "ನಾವು ಅಂದ್ರೆ ನಾವೇ. ಹೆಂಗಸರು. ಮೊಣಗಂಟು ನೋವಿದ್ರೆ ನಿಂತುಕೊಳ್ಳುದು, ಕೈ ಇಲ್ವಾ?"

"ಮಳೆ ಬಂದ್ರೆ? ಮಾಡು ಬಿಚ್ಚಿದ ಮೇಲೆ ಮಳೆ ಬಂದ್ರೆ ಹಲಗೆ, ಬೆಂಚು, ಆರ್ಗನ್ ಎಲ್ಲ ಹೋಯ್ತು. ಆಗ ಯಾರನ್ನು ಕೇಳುದು?"

"ನನ್ನನ್ನು," ಎಂದೆ. ಯಾಕೆ ಹೇಳಿದೆನೋ. ಮನೆಗೆ ಬಂದು ಒಂದು ಚೊಂಬು ನೀರು ಕುಡಿದೆ.

ಹೀಗೆ ಆ ಮಾಡು ನನ್ನ ಕುತ್ತಿಗೆಗೆ ಬಂತು.

ಹಂಚು ಇಳಿಸುವ ದಿನ ನಾವು ಬಾಗಿಲಿನಿಂದ ಕೆರೆಯವರೆಗೆ ಸಾಲಾಗಿ ನಿಂತೆವು. ಮೇಲೆ ಕುಶಾಲಪ್ಪ ಮೇಸ್ತ್ರಿ ಮತ್ತು ಅವರ ತಮ್ಮಂದಿರು. ಏಣಿಯಲ್ಲಿ ಇಳಿದ ಹಂಚು ಕೈಯಿಂದ ಕೈಗೆ ದಾಟಿ ಕೆರೆಯ ಬಳಿ ಹೋಗಬೇಕು, ಅಲ್ಲಿ ಪಾಚಿ ತಿಕ್ಕಬೇಕು. ನಮ್ಮವರು ಸಾಲದೆ ಬಂದಾಗ ಗುಡ್ಡೆಯ ಕೆಳಗಿನ ಬ್ಯಾರಿ, ಅಡಿಕೆ ವ್ಯಾಪಾರಿ ಅಬ್ಬಾಸಾಕ ತಮ್ಮ ಹೆಂಡತಿ, ಸೊಸೆಯನ್ನೂ ಕರೆದುಕೊಂಡು ಬಂದು ನಿಂತರು. ಆಚೆ ತೋಟದ ಗೌಡರ ಮನೆಯ ಹೆಂಗಸರೂ ಬಂದರು. ದೇವದಾಸಣ್ಣ ಮುಖ ಗಂಟಿಕ್ಕಿಕೊಂಡೇ ಬಂದವರು, ಸಾಲು ಕಂಡ ಕೂಡಲೇ ಹಳೆಯ ಉದ್ಯೋಗ ನೆನಪಾಗಿ "ಎದುರು ಹೋಗಿ, ಎದುರು ಹೋಗಿ, ಎದುರು ಜಾಗ ಉಂಟು!" ಎಂದು ಕೂಗಲು ಸುರು ಮಾಡಿದರು.

"ಸೀಟ್ ಉಂಟಾ ಕಂಡಕ್ಟ್ರೇ?" ಸುಗುಣ ಕೇಳಿದಳು.

ಎಲ್ಲ ಸರಿ ಹೋಗುತ್ತಿತ್ತು. ಆದರೆ ನಮ್ಮವರು ನಾಲ್ಕು ಜನ ಸಾಲಾಗಿ ನಿಂತರೆ ಹಾಡದೆ ಇರಲಾರರು. ಯಾರೋ ಒಂದು ಗೀತ ಎತ್ತಿದರು. ಕೂಡಲೇ ಸೊಪ್ರಾನೊ, ಆಲ್ಟೊ, ಟೆನರ್ ಎಲ್ಲ ಸೇರಿಕೊಂಡಿತು. ಅದು ಜರ್ಮನಿಯಿಂದ ಬಂದ ರಾಗ, ಆನೆ ನಡೆದ ಹಾಗೆ ಹೋಗುತ್ತದೆ. ಹಾಡಿನ ಪ್ರತಿ ಸಾಲಿನ ಕೊನೆಗೆ ಸ್ವರವನ್ನು ಎಳೆದು ನಿಲ್ಲಿಸಬೇಕು. ಚಿಕ್ಕಂದಿನಿಂದ ಆರ್ಗನಿನವರು ಕೈ ಎತ್ತುವವರೆಗೆ ನಿಲ್ಲಿಸಿ ನಿಲ್ಲಿಸಿ ಅದು ನಮ್ಮ ರಕ್ತಕ್ಕೆ ಇಳಿದಿದೆ. ಸಾಲಿನ ಕೊನೆ ಬಂತು, ಸ್ವರ ನಿಂತಿತು. ಸ್ವರದ ಜೊತೆ ಕೈಯೂ ನಿಂತಿತು. ಬಾಗಿಲಿನಿಂದ ಕೆರೆಯವರೆಗೆ ಎಲ್ಲ ಲುಥೆರನ್ನರೂ ಎದೆಗೆ ಒಂದೊಂದು ಹಂಚು ಅವಚಿಕೊಂಡು, ಕಣ್ಣು ಅರೆಮುಚ್ಚಿ, "ಆ..." ಎಂದು ನಿಂತುಬಿಟ್ಟೆವು.

ಅಬ್ಬಾಸಾಕ ಅತ್ತ ನೋಡಿದರು, ಇತ್ತ ನೋಡಿದರು. ಅವರ ಚಾಚಿದ ಕೈ ಹಾಗೆಯೇ ಇತ್ತು. "ಎಂತ ಆಯ್ತು? ಹಾವು ಉಂಟಾ?"

ಯಾರೂ ಉತ್ತರ ಕೊಡಲಿಲ್ಲ. ಸ್ವರ ಮುಗಿಯದೆ ಮಾತಾಡುವುದು ಹೇಗೆ?

ಎರಡನೆಯ ಚರಣದ ಹೊತ್ತಿಗೆ ಅವರಿಗೆ ವಿಷಯ ಗೊತ್ತಾಯಿತು. ಮೂರನೆಯದರಲ್ಲಿ ಅವರೂ ನಮ್ಮ ಜೊತೆ ನಿಲ್ಲಿಸತೊಡಗಿದರು. ಮೇಲೆ ಕುಶಾಲಪ್ಪ ಮೇಸ್ತ್ರಿ ಹಂಚು ಹಿಡಿದು ಕಾದು ಕಾದು, "ಅಕ್ಕಂದಿರೇ, ಈ ಪದ್ಯಕ್ಕೆ ಎಷ್ಟು ಸ್ಟಾಪ್ ಉಂಟು?" ಎಂದು ಕೂಗಿದರು. ಅಂತೂ ಕತ್ತಲಾಗುವ ಮೊದಲು ಹಂಚು ಇಳಿಯಿತು. ಬೇರೆಯವರು ಮಧ್ಯಾಹ್ನಕ್ಕೆ ಮುಗಿಸುತ್ತಿದ್ದ ಕೆಲಸ.

ಆಮೇಲಿನ ದಿನಗಳಲ್ಲಿ ನಾವು ಕೆರೆಯ ಬದಿಯಲ್ಲಿ ಕುಳಿತು ತೆಂಗಿನ ನಾರಿನಲ್ಲಿ ಹಂಚು ತಿಕ್ಕಿದೆವು. ಅಷ್ಟು ವರ್ಷಗಳ ಪಾಚಿ ಹೋದಾಗ ಒಳಗಿನಿಂದ ಹೊಸ ಮಡಕೆಯ ಬಣ್ಣ ಬಂತು. ಮೇಸ್ತ್ರಿ ಕೆಟ್ಟ ಪಕ್ಕಾಸು ತೆಗೆದು ಹೊಸದು ಕೂರಿಸಿದರು. ಹಳೆಯ ದೊಡ್ಡ ತೊಲೆಗಳನ್ನು ಉಳಿಯಿಂದ ಕುಟ್ಟಿ ನೋಡಿ, "ಇದು ಕಿರಾಲುಬೋಗಿ ಮರ ಅಕ್ಕ, ನಾವೆಲ್ಲ ಹೋದ ಮೇಲೂ ಇರ್ತದೆ" ಎಂದರು. ನಾನು ಮಾತ್ರ ಪ್ರತಿ ಸಂಜೆ ಘಟ್ಟದ ಕಡೆ ನೋಡುತ್ತಿದ್ದೆ. ಬೇಸಿಗೆಯ ಮಳೆ ನಮಗೆ ಅಲ್ಲಿಂದಲೇ ಬರುವುದು. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳಕ್ಕೂ ನಾನು ಅಷ್ಟು ಸಲ ಆಕಾಶ ನೋಡಿದವಳಲ್ಲ.

ಹಂಚು ತಿರುಗಿ ಏರಿಸುವ ದಿನ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಬೇಗ ಸುರು ಮಾಡಿದೆವು, ಅದೇ ಗೀತ ಹಾಡಿಕೊಂಡು, ಅದೇ ನಿಲುಗಡೆಗಳನ್ನು ಕೊಟ್ಟುಕೊಂಡು. ಊಟದ ಹೊತ್ತಿಗೆ ಒಂದು ಬದಿ ಮುಗಿಯಿತು. ಗಂಜಿ, ಕಾಯಿಚಟ್ನಿ ಉಂಡು ಎದ್ದು ನೋಡುತ್ತೇನೆ, ಸುಬ್ರಹ್ಮಣ್ಯದ ಕಡೆ ಆಕಾಶ ಮಸಿ ಬಳಿದ ಹಾಗೆ ಕಪ್ಪು. ಒಂದು ಗುಡುಗು ದೂರದಲ್ಲಿ ಉರುಳಿತು.

"ಲಿಲ್ಲಿಯಕ್ಕ," ದೇವದಾಸಣ್ಣ ನನ್ನ ಮುಖ ನೋಡಿದರು. ಆಮೇಲೆ ಬಿಚ್ಚಿದ ಮಾಡು ನೋಡಿದರು.

ಮಾಡಿನ ಅರ್ಧಭಾಗ ಬರಿಯ ರೀಪಿನ ಮರದ ಪಟ್ಟಿ, ಅದರ ಕೆಳಗೆ ಹಲಗೆ, ಹಲಗೆಯ ಕೆಳಗೆ ಆರ್ಗನ್. ಅಬ್ಬಾಸಾಕ ಅಡಿಕೆ ಮುಚ್ಚುವ ಟರ್ಪಾಲು ತರಲು ಆಳನ್ನು ಓಡಿಸಿದರು. ಆದರೆ ಅಷ್ಟು ಕಡಿದಾದ ಮಾಡಿನಲ್ಲಿ ಟರ್ಪಾಲು ನಿಲ್ಲುವುದಾದರೂ ಹೇಗೆ? ಹಿಮವೇ ನಿಲ್ಲಬಾರದೆಂದು ಕಟ್ಟಿದ್ದಲ್ಲವೇ? ನಾವು ಸಾಲಿಗೆ ಓಡಿದೆವು. ಗಾಬರಿಯಲ್ಲಿ ನಮ್ಮವರು ಇನ್ನೂ ಗಟ್ಟಿಯಾಗಿ ಅದೇ ಗೀತ ಎತ್ತಿದರು. ಹಾಡಿನ ಸಾಲು ಕೊನೆಗೆ ಬಂತು. ಎಲ್ಲರೂ ನಿಂತರು. ಗುಡುಗು ನಿಲ್ಲಲಿಲ್ಲ.

"ಲಿಲ್ಲಿಯಕ್ಕ, ನಿಮ್ಮಲ್ಲಿ ಬೇಗ ಹೋಗುವ ಹಾಡು ಒಂದೂ ಇಲ್ವಾ ಮಾರಾಯ್ರೆ?" ಅಬ್ಬಾಸಾಕ ಬೇಡಿಕೊಂಡರು. "ಮಳೆ ನಿಮ್ಮ ಆಮೆನ್ ವರೆಗೆ ಕಾಯ್ಲಿಕ್ಕಿಲ್ಲ!"

ಹಾಡದೆ ದಾಟಿಸಿ ಎಂದರು ದೇವದಾಸಣ್ಣ. ಅದನ್ನೂ ನೋಡಿದೆವು. ತಾಳ ತಪ್ಪಿ ಒಬ್ಬರು ಕೊಡುವಾಗ ಇನ್ನೊಬ್ಬರು ತಿರುಗಿರಲಿಲ್ಲ. ಒಂದು ಹಂಚು ಬಿದ್ದು ಒಡೆಯಿತು. ಅದರ ಹಿಂದೆಯೇ ಇನ್ನೊಂದು.

ನನ್ನ ಅಮ್ಮ ಗದ್ದೆಯಲ್ಲಿ ನೇಜಿ, ಎಂದರೆ ಭತ್ತದ ಸಸಿ, ನೆಡುತ್ತಿದ್ದವಳು. ನೆಡುವಾಗ ಹೆಂಗಸರು ತುಳುವಿನಲ್ಲಿ ಹಾಡುತ್ತಿದ್ದರು. ಒಬ್ಬಳು ಹೇಳುವುದು, ಉಳಿದವರು ಒಟ್ಟಿಗೆ ಉತ್ತರ ಕೊಡುವುದು. ಉತ್ತರ ಕೊಡುವಾಗ ಎಲ್ಲರ ಕೈ ಒಂದೇ ಸಲ ಕೆಸರಿಗೆ ಇಳಿಯುತ್ತಿತ್ತು. ಆ ಹಾಡುಗಳಲ್ಲಿ ಭೂತಗಳ ಹೆಸರಿದೆ, ಗಂಡ ಹೆಂಡಿರ ಚೇಷ್ಟೆ ಇದೆ ಎಂದು ಹಳೆಯ ಪಾದ್ರಿಗಳು ಕೂಡದು ಎಂದಿದ್ದರು. ಅಮ್ಮ ಒಳ್ಳೆಯ ವಿಶ್ವಾಸಿ. ದೇವಾಲಯದ ಗೇಟಿನ ಒಳಗೆ ಹಾಡುತ್ತಿರಲಿಲ್ಲ. ಗೇಟು ದಾಟಿದ ಕೂಡಲೇ ಹಾಡುತ್ತಿದ್ದಳು.

ನಾನು ಹುಟ್ಟಿದ ಮೇಲೆ ಯಾವ ಹಾಡನ್ನೂ ಮೊದಲು ಎತ್ತಿದವಳಲ್ಲ, ಮಕ್ಕಳೇ. ಆಲ್ಟೊದವರಿಗೆ ಆ ಕಷ್ಟ ಬರುವುದಿಲ್ಲ. ಆ ದಿನ ಗೇಟಿನ ಒಳಗೆ, ಅಯ್ಯನವರ ಎದುರು, ದೇವಾಲಯದ ಬಾಗಿಲಲ್ಲೇ ನಿಂತು ನಾನು ಅಮ್ಮನ ನೇಜಿಯ ಹಾಡು ಎತ್ತಿದೆ. ಕಣ್ಣು ಮುಚ್ಚಿಕೊಂಡೆ.

ಮೊದಲು ಗೌಡರ ಮನೆಯ ಹೆಂಗಸರು ಉತ್ತರ ಕೊಟ್ಟರು. ಸುಗುಣ ಕೊಟ್ಟಳು. ಅಬ್ಬಾಸಾಕನ ಹೆಂಡತಿ, ನಮ್ಮ ಪಕ್ಕದ ಗದ್ದೆಯಲ್ಲಿ ಬೆಳೆದವರು, ನನಗಿಂತ ಚೆನ್ನಾಗಿ ಕೊಟ್ಟರು. ಉತ್ತರದ ಜೊತೆ ಹಂಚು ನನ್ನ ಬಲದಿಂದ ಎಡಕ್ಕೆ ದಾಟಿತು. ನಾನು ಹೇಳಿದೆ, ಅವರು ಕೊಟ್ಟರು, ಹಂಚು ದಾಟಿತು. ನಿಲ್ಲಲು ಆ ಹಾಡಿನಲ್ಲಿ ಜಾಗವೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಹಂಚುಗಳು ಕೆರೆಯಿಂದ ಮಾಡಿಗೆ ಕೆಂಪು ನೀರು ಹರಿದ ಹಾಗೆ ಹರಿಯುತ್ತಿದ್ದವು. ಭೂತದ ಹೆಸರು ಬರುವ ಕಡೆ ನಾನು ಬಾಯಿಗೆ ಸಿಕ್ಕಿದ ಹೆಸರು ಹಾಕಿದೆ. ದೇವದಾಸಣ್ಣನ ಹೆಸರೂ ಒಂದು ಸಲ ಬಂತು. ಸಾಲಿಗೆ ಸಾಲೇ ನಕ್ಕಿತು, ತಾಳ ತಪ್ಪಲಿಲ್ಲ. ಅಯ್ಯನವರು ಏನು ಹೇಳುತ್ತಾರೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವರು ನಿಲುವಂಗಿಯಲ್ಲ, ಲುಂಗಿ ಎತ್ತಿ ಕಟ್ಟಿ ಏಣಿಯ ನಡುವಿನಲ್ಲಿ ನಿಂತು, ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು.

ಸುಗುಣ ಹಂಚು ದಾಟಿಸುತ್ತಲೇ ನನ್ನ ಕಿವಿಯ ಹತ್ತಿರ ಬಂದು, "ಆ ಜರ್ಮನಿಯ ಹಾಡಲ್ಲಿ ಕಟ್ಟಿದ್ರೆ ಈ ದೇವಾಲಯ ಇವತ್ತಿಗೂ ಅಡಿಪಾಯದಲ್ಲೇ ಇರ್ತಿತ್ತು, ಗೋಡೆ ಎದ್ದೇ ಇರ್ತಿರ್ಲಿಲ್ಲ. ನಮ್ಮ ಅಜ್ಜಿಯಂದಿರು ಇದನ್ನೇ ಹಾಡಿರ್ಬೇಕು ಮಾರಾಯ್ತಿ, ಪಾದ್ರಿ ಊಟಕ್ಕೆ ಹೋದಾಗ" ಎಂದಳು. ಯಾವ ಚರಿತ್ರೆಯಲ್ಲಿಯೂ ಬರೆದಿಲ್ಲ. ಆದರೆ ನನಗೆ ಅದು ನೂರಕ್ಕೆ ನೂರು ನಿಜ ಎನಿಸಿತು.

ನೆತ್ತಿಯ ಕೊನೆಯ ಹಂಚನ್ನು ಮೇಸ್ತ್ರಿ ಕೂರಿಸಿ ಏಣಿಯಿಂದ ಇಳಿಯುವಾಗ ಮೊದಲ ಹನಿ ಬಿತ್ತು. ದೊಡ್ಡ ಹನಿ, ಮಣ್ಣಿಗೆ ಬಿದ್ದರೆ ಗುಂಡಿಯಾಗುವಂಥದ್ದು. ನಾವೆಲ್ಲ, ಬ್ಯಾರಿಗಳು, ಗೌಡರು, ನಮ್ಮವರು, ಕೆಸರು ಕೈಯಲ್ಲೇ ಒಳಗೆ ಓಡಿದೆವು. ಮಳೆ ಹೊಡೆಯಿತು. ಗಾಳಿ ಹೊಡೆಯಿತು. ದೇವದಾಸಣ್ಣ ಬೆಂಚುಗಳ ನಡುವೆ ಮುಖ ಮೇಲೆ ಮಾಡಿಕೊಂಡು ಆ ತುದಿಯಿಂದ ಈ ತುದಿಗೆ ನಡೆದರು, ತಿರುಗಿ ನಡೆದರು.

"ಸಿಕ್ಕಿತಾ ಕಂಡಕ್ಟ್ರೇ?" ಸುಗುಣ ಕೇಳಿದಳು. "ಸಿಕ್ಕಿದ್ರೆ ಹೇಳಿ, ಪಾತ್ರೆ ಇಡುವ."

ಅವರು ಕೊನೆಯ ಬೆಂಚಿನವರೆಗೆ ಬಂದು ನಿಂತರು. "ಒಂದು ಹನಿ ಇಲ್ಲ ಲಿಲ್ಲಿಯಕ್ಕ," ಎಂದರು. ಮುಖದಲ್ಲಿ ನಗು ಇತ್ತು. ಸೋತವರ ನಗುವಲ್ಲ, ನನ್ನಷ್ಟೇ ಗೆದ್ದವರ ನಗು.

ಹೊರಗೆ ಮಳೆ ಗುಡ್ಡೆಯನ್ನೇ ಕೊಚ್ಚಿಕೊಂಡು ಹೋಗುವ ಹಾಗೆ ಸುರಿಯುತ್ತಿತ್ತು. ಅಯ್ಯನವರು ಒದ್ದೆ ಲುಂಗಿಯಲ್ಲೇ ಆಲ್ಟರಿನ ಬಳಿ ಹೋದರು. ಮೈಕು ಇರಲಿಲ್ಲ, ಕರೆಂಟು ಆಗಲೇ ಹೋಗಿತ್ತು. ಮನೆಯ ಜಗಲಿಯಲ್ಲಿ ಕುಳಿತು ಮಾತಾಡುವ ಸ್ವರದಲ್ಲಿ, ಇದ್ದವರನ್ನೆಲ್ಲ ದಾಟಿ, ಕೊನೆಯ ಬೆಂಚಿನ ಕಡೆ ನೋಡಿ ಕೇಳಿದರು:

"ಹಿಂದೆ ಕೂತವರಿಗೆ ಕೇಳ್ತದಾ?"

"ಕೇಳ್ತದೆ ಅಯ್ಯನವರೇ!"

ಆ ಉತ್ತರ ಎಷ್ಟು ಜೋರಾಗಿತ್ತೆಂದರೆ ಮಾಡಿನ ಹಲಗೆಗೆ ಹೋಗಿ ಬಡಿದು ತಿರುಗಿ ಬಂತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ನಾನೂ ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಕೂಗಿದ್ದು ನಾನೇ.